ಎಸ್ತರಳ ಬಿಲದ ನಾಯಿ

ಕಲ್ಲುಗಣಿಯ ದೂಳು ಲಾಂಟಿ ರೆಲ್ಫನ ಎದೆಯಲ್ಲಿ ಇಳಿದು ಕೂತ ಮೇಲೆ ಅವನ ಕೆಲಸಗಳೆಲ್ಲ ಒಂದೊಂದಾಗಿ ಹೆಂಡತಿ ಎಸ್ತರಳ ಹೆಗಲಿಗೆ ಬಂದವು. ಕಲ್ಲಿದ್ದಲು ಹೊರುವುದು, ಕೋಳಿಗೂಡು ಬಳಿಯುವುದು, ಗಾಳಿಗೆ ಉರುಳಿದ ಗೋಡೆಗಲ್ಲನ್ನು ಮತ್ತೆ ಎತ್ತಿಡುವುದು. ಇದೆಲ್ಲ ಹೇಗೋ ಆಯಿತು. ಆದರೆ ನಾಯಿಗಳ ಕೆಲಸವೂ ತನ್ನ ಪಾಲಿಗೆ ಬಂದೀತೆಂದು ಅವಳು ಎಣಿಸಿರಲಿಲ್ಲ.

ಆ ಕಣಿವೆಯಲ್ಲಿ ಲಾಂಟಿಯ ಟೆರಿಯರ್‌ಗಳೆಂದರೆ, ಬಿಲಕ್ಕಿಳಿಯುವ ಆ ಗಿಡ್ಡ ನಾಯಿಗಳೆಂದರೆ, ಹೆಸರಿತ್ತು. ದೊಡ್ಡ ಬೇಟೆನಾಯಿಗಳು ಬೆಟ್ಟದ ತುಂಬ ನರಿಯನ್ನು ಅಟ್ಟಾಡಿಸುತ್ತಿದ್ದವು. ನರಿ ಬಂಡೆಗಳ ಸಂದಿಗೆ ನುಸುಳಿತೋ, ಅವುಗಳ ಆಟ ಅಲ್ಲಿಗೆ ಮುಗಿಯಿತು. ಆಮೇಲೆ ಒಳಗಿಳಿದು ಅದನ್ನು ಹೊರಗೆಬ್ಬಿಸಬೇಕಾದದ್ದು ಲಾಂಟಿಯ ನಾಯಿ. ಮದುವೆಯಾದಾಗಿನಿಂದ ಎಸ್ತರ್ ಕಂಡ ಚಳಿಗಾಲಗಳೆಲ್ಲ ಒಂದೇ ಥರ: ಮೈಯೆಲ್ಲ ಕೆಸರು ಮಾಡಿಕೊಂಡು ಬರುವ ಗಂಡ, ಮೂತಿ ಹರಿದುಕೊಂಡು ಬರುವ ನಾಯಿ, ಇಬ್ಬರಿಗೂ ನೀರು ಕಾಯಿಸುವ ತಾನು.

ಹಿಂದಿನ ಚಳಿಗಾಲದಲ್ಲಿ ರಾಕ್ ಎಂಬ ಗಂಡುನಾಯಿ ಬಂಡೆಯೊಳಗೆ ಹೋದದ್ದು ಬರಲೇ ಇಲ್ಲ. ಎದೆಗಟ್ಟಿ ನಾಯಿ, ಹಿಂದೆಗೆಯುವುದು ಗೊತ್ತಿಲ್ಲದ ನಾಯಿ. ಊರ ಗಂಡಸರು ಹಾರೆ ಹಿಡಿದು ಕಲ್ಲು ಮೀಟಿದರು. ಮೊದಲು ಒಳಗಿನಿಂದ ಬೊಗಳು ಕೇಳುತ್ತಿತ್ತು, ಆಮೇಲೆ ಮುಲುಕು, ಆಮೇಲೆ ಅದೂ ಇಲ್ಲ. ನೆನೆದ ಬಟ್ಟೆಯಲ್ಲೇ ಮನೆಗೆ ಬಂದ ಲಾಂಟಿ ಒಲೆಯ ಪಕ್ಕದ ಕುರ್ಚಿಯಲ್ಲಿ ಕುಸಿದವನು ಮತ್ತೆ ಬೆಟ್ಟ ಹತ್ತಲಿಲ್ಲ.

ಮನೆಯಲ್ಲಿ ಉಳಿದದ್ದು ನೆಟಲ್ ಒಂದೇ. ತುರಚೆ ಗಿಡದ ಹೆಸರು, ಇಟ್ಟವಳು ಎಸ್ತರ್. ಅದು ಸೂಲಿನ ಕಡೆಯ ಮರಿ. ಯುದ್ಧ ಮುಗಿದರೂ ರೇಷನ್ ಮುಗಿಯದ ಆ ದಿನಗಳಲ್ಲಿ ತನ್ನ ಚಹಾದ ಹಾಲನ್ನು ಬಟ್ಟೆಗೆ ಅದ್ದಿ ಚೀಪಿಸಿ ಬದುಕಿಸಿದ್ದಳು. ಬೆಳೆದ ಮೇಲೂ ಅದು ಬೆಕ್ಕಿಗಿಂತ ತುಸು ದೊಡ್ಡದು ಅಷ್ಟೆ. ಒಂದು ದಿನ ಲಾಂಟಿ ಅದನ್ನು ಮಡಿಲಿಗೆ ಎಳೆದುಕೊಂಡು ಎರಡೂ ಕೈಯಿಂದ ಎದೆಯ ಸುತ್ತ ಹಿಡಿದು ನೋಡಿದ. ಬೆರಳುಗಳು ಸುತ್ತು ಬಂದು ಒಂದರ ಮೇಲೊಂದು ಕೂತವು.

"ಬಿಲಕ್ಕೆ ಇದಾಗಲ್ಲ ಕಣೇ ಹುಡುಗಿ," ಎಂದ. ತಲೆ ನರೆತ ಹೆಂಡತಿಯನ್ನು ಅವನು ಇಂದಿಗೂ ಹುಡುಗಿ ಎಂದೇ ಕರೆಯುತ್ತಿದ್ದ. "ಸಣ್ಣದಾದ್ರೆ ನರಿ ಹೋದ ಕಡೆಗೆಲ್ಲ ಹೋಗತ್ತೆ, ಅದು ಸರಿ. ಆದ್ರೆ ಮೈಯಲ್ಲಿ ಮಾಂಸವೇ ಇಲ್ವಲ್ಲ. ಒಳಗಿನ ಥಂಡಿಗೇ ಅರ್ಧ ಸಾಯತ್ತೆ, ಮಿಕ್ಕರ್ಧ ನರಿ ಸಾಯಿಸತ್ತೆ."

ಎಸ್ತರ್ ಆಲೂಗಡ್ಡೆ ಸಿಪ್ಪೆ ಸುಲಿಯುತ್ತಿದ್ದಳು. ಒಳಗೊಳಗೇ ಒಂದು ಭಾರ ಇಳಿದಂತಾಯಿತು. ಹಾಗಾದರೆ ಮುಗಿಯಿತು. ಇನ್ನು ಈ ಮನೆಯಿಂದ ಯಾವ ನಾಯಿಯೂ ಕಲ್ಲಿನ ಸಂದಿಗೆ ಹೋಗುವುದಿಲ್ಲ.

ಕುರಿಗಳು ಈಯುವ ಕಾಲ ಬಂತು. ಮೇಲಿನ ಹೊಲದಮನೆಯ ಜೋನಾಸ್ ಮೌನ್ಸಿಯ ಮಂದೆಗೆ ನರಿ ಬಿತ್ತು. ಬೆಳಿಗ್ಗೆ ಎದ್ದು ನೋಡಿದರೆ ತಲೆಯಿಲ್ಲದ ಮರಿಗಳು. ದಿನವೂ ಇದೇ. ಜೋನಾಸ್ ನಿದ್ದೆಗೆಟ್ಟ ಕಣ್ಣಲ್ಲಿ ಬಂದು ಬಾಗಿಲಲ್ಲಿ ನಿಂತ. ಆಚೆ ಕಣಿವೆಯ ನಾಯಿಗಳನ್ನು ತರಿಸಿ ನೋಡಿದ್ದನಂತೆ. ದಪ್ಪ ನಾಯಿಗಳು, ನರಿ ಅಡಗಿದ ಸಂದಿಯಲ್ಲಿ ಭುಜವೇ ತೂರಲಿಲ್ಲವಂತೆ. ನೆಟಲ್ ಅನ್ನು ಒಂದು ಸಲ ಬಿಟ್ಟು ನೋಡೋಣ ಎಂದು ಕೇಳಿದ. ಲಾಂಟಿ ಕೆಮ್ಮುತ್ತ, ಬೇಡ ಎಂದು ಕೈಯಾಡಿಸಿದ. ಜೋನಾಸ್ ಎಸ್ತರಳ ಮುಖ ನೋಡಿದ. ಕಲ್ಲಿದ್ದಲು ತಂದುಕೊಟ್ಟವನು ಅವನು, ಹಿಮ ಬಿದ್ದಾಗ ದಾರಿ ಬಿಡಿಸಿದವನು ಅವನು. ಎಸ್ತರ್ ಬೂಟು ಹಾಕಿಕೊಂಡಳು.

ಬೆಟ್ಟ ಹತ್ತುವಾಗ ಅವಳ ಮಂಡಿಗಳು ಉರಿಯುತ್ತಿದ್ದವು. ನೆಟಲ್ ಕೋಟಿನೊಳಗೆ ಬೆಚ್ಚಗೆ ಮಲಗಿತ್ತು. ದಾರಿಯುದ್ದಕ್ಕೂ ಅವಳು ಒಂದನ್ನೇ ಬೇಡಿಕೊಂಡಳು: ಇದು ಬಿಲದ ಬಾಯಿ ಮೂಸಿ ಹೆದರಿ ಹಿಂದೆ ಬರಲಿ. ಜೋನಾಸ್ ಎರಡು ಮಾತು ಆಡಿಕೊಳ್ಳಲಿ, ಊರೂ ನಗಲಿ, ಆದರೆ ಇವತ್ತಿಗೇ ಇತ್ಯರ್ಥವಾಗಿಬಿಡಲಿ.

ಕೆಳಗಿಟ್ಟದ್ದೇ ತಡ, ನೆಟಲ್ ಒಮ್ಮೆ ಮೂಸಿತು, ಬಾಲ ನೆಟ್ಟಗಾಯಿತು, ನೀರು ಇಂಗಿದಂತೆ ಕಲ್ಲಿನೊಳಗೆ ಇಂಗಿಹೋಯಿತು.

ಜೋನಾಸ್ ಬಂದೂಕು ಹಿಡಿದು ಗಾಳಿಗೆ ಮರೆಯಾಗಿ ನಿಂತ. ಎಸ್ತರ್ ಒದ್ದೆ ಹುಲ್ಲಿನ ಮೇಲೆ ಕೂತು ಬಂಡೆಗೆ ಕಿವಿಯಿಟ್ಟಳು. ಒಳಗೆ ಸದ್ದೇ ಇಲ್ಲ. ರಾಕ್ ಸತ್ತದ್ದೂ ಹೀಗೆಯೇ ಇದ್ದೀತು ಎನಿಸಿತು. ಹಾಲು ಕುಡಿಸಿ ಬದುಕಿಸಿದ್ದು ಇದಕ್ಕೇನು ಎಂದು ತನ್ನ ಮೇಲೆಯೇ ಸಿಟ್ಟು ಬಂತು.

ಆಗ ಬೊಗಳು ಕೇಳಿಸಿತು. ಗಾಬರಿಯ ಬೊಗಳಲ್ಲ. ಒಂದೇ ಸಮ, ಬಿಡದೆ. ಒಮ್ಮೆ ಹತ್ತಿರ, ಒಮ್ಮೆ ದೂರ. ನರಿ ಮುಂದೆ ಬಂದರೆ ನೆಟಲ್ ಹಿಂದೆ ಸರಿಯುತ್ತಿತ್ತು, ನರಿ ತಿರುಗಿದರೆ ಮತ್ತೆ ಮೇಲೆ ಬೀಳುತ್ತಿತ್ತು. ಕಚ್ಚಾಡುತ್ತಿರಲಿಲ್ಲ, ಪೀಡಿಸುತ್ತಿತ್ತು. ಮನೆಯಲ್ಲಿ ಊಟ ಕೇಳುವಾಗಲೂ ಅದು ಮಾಡುತ್ತಿದ್ದದ್ದು ಇಷ್ಟೇ. ಕೊನೆಗೆ ಆಚೆ ಬದಿಯ ಸಂದಿಯಿಂದ ಹೆಣ್ಣು ನರಿ ಬೇಸತ್ತಂತೆ ಹೊರಗೆ ಹಾರಿತು. ಗುಂಡು ಹಾರಿತು. ನೆಟಲ್ ಹೊರಬಂದು ಮೈ ಕೊಡವಿ, ಸತ್ತ ನರಿಯನ್ನು ಒಮ್ಮೆ ಮೂಸಿ, ಎಸ್ತರಳ ಬೂಟಿನ ಮೇಲೆ ಕೂತಿತು. ಮೂತಿಯ ಮೇಲೆ ಒಂದು ಗೀರು, ಅಷ್ಟೆ.

ಜೋನಾಸ್ ಟೋಪಿ ತೆಗೆದು ತಲೆ ಕೆರೆದುಕೊಂಡ. ಇಂಥ ನಾಯಿಯನ್ನು ತಾನು ಕಂಡೇ ಇಲ್ಲ ಎಂದ.

"ಯಾರಿಗೂ ಹೇಳ್ಬೇಡ ಜೋನಾಸ್," ಎಂದಳು ಎಸ್ತರ್. "ಲಾಂಟಿಗೂ ಹೇಳ್ಬೇಡ. ಇದ್ರ ಕೈಲಿ ಆಗ್ಲಿಲ್ಲ ಅಂತ ಹೇಳ್ತೀನಿ."

ಅವನು ತಲೆಯಾಡಿಸಿದ. ಆದರೆ ಬಾಯಿ ಕಟ್ಟಿಕೊಂಡು ಎಷ್ಟು ದಿನ ಇದ್ದಾನು? ವಾರ ಕಳೆಯುವುದರೊಳಗೆ ಅಕ್ಕಪಕ್ಕದ ಕುರಿಯವರು ಬಾಗಿಲಿಗೆ ಬಂದರು. ಲಾಂಟಿಗೆ ತಿಳಿಯಿತು. ಹೆಂಡತಿ ಸುಳ್ಳು ಹೇಳಿದ್ದನ್ನು ಅವನು ಕೆದಕಲಿಲ್ಲ. ಕುರ್ಚಿಯ ಕೈ ಹಿಡಿದು ನೆಟ್ಟಗೆ ಕೂತ. ಎಷ್ಟೋ ತಿಂಗಳಿಂದ ಅವನು ಹಾಗೆ ಕೂತದ್ದನ್ನು ಅವಳು ಕಂಡಿರಲಿಲ್ಲ.

"ಹೇಗೆ ಬೊಗಳ್ತು? ಒಂದೇ ಕಡೆ ನಿಂತಾ, ಓಡಾಡ್ಕೊಂಡಾ?"

"ಓಡಾಡ್ಕೊಂಡು."

"ಹಿಂದೆ ಸರೀತಿತ್ತಾ?"

"ಸರೀತಿತ್ತು. ಮತ್ತೆ ಹೋಗ್ತಿತ್ತು."

ಲಾಂಟಿ ನೆಟಲ್‌ನ ಮೂತಿಯ ಗೀರು ಸವರಿ ನೋಡಿದ. "ರಾಕ್‌ಗೆ ಇದೊಂದು ಬುದ್ಧಿ ಇರ್ಲಿಲ್ಲ," ಎಂದ. "ನಾನೂ ಕಲಿಸ್ಲಿಲ್ಲ. ಧೈರ್ಯ ಧೈರ್ಯ ಅಂತ ಹೊಗಳಿ ಹೊಗಳಿ ಕೊಂದೆ." ಕಣ್ಣೊರೆಸಿಕೊಂಡ. ಆಮೇಲೆ ಸಾರು ಕೇಳಿ ಕುಡಿದ.

ಆ ಮುಖ ನೋಡಿದ ಮೇಲೆ ಎಸ್ತರ್ ಯಾರಿಗೂ ಇಲ್ಲ ಎನ್ನಲಾರದೆ ಹೋದಳು. ಆ ವಸಂತವೆಲ್ಲ ಕರೆದವರ ಹಿಂದೆ ಬೆಟ್ಟ ಹತ್ತಿದಳು. ಮಳೆಯಲ್ಲಿ ಕಲ್ಲಿನ ಮೇಲೆ ಕೂತು ಕಾದಳು. ಮನೆಗೆ ಬಂದು, ಬೂಟು ಬಿಚ್ಚುವ ಮೊದಲೇ, ನಡೆದದ್ದನ್ನೆಲ್ಲ ಹೇಳಿದಳು. ಲಾಂಟಿ ಕಣ್ಣು ಮುಚ್ಚಿ ಕೇಳುತ್ತಿದ್ದ, ತಾನೇ ಆ ಬಂಡೆಯ ಪಕ್ಕ ಕೂತವನಂತೆ. ಅವಳಿಗೆ ನಿದ್ದೆ ತಡೆಯಲಾಗುತ್ತಿರಲಿಲ್ಲ. ಮಾತಿನ ನಡುವೆ ತೂಕಡಿಸಿದರೆ ಅವನು ಮೆಲ್ಲಗೆ, "ಆಮೇಲೆ?" ಎನ್ನುತ್ತಿದ್ದ.

ಶರತ್ಕಾಲ ಬಂದು ಬೆಟ್ಟದ ಜರಿಗಿಡ ಕೆಂಪಗಾಗುವ ಹೊತ್ತಿಗೆ ಲಾಂಟಿ ತೀರಿಕೊಂಡ.

ಬೇಟೆಯ ಕಾಲ ಶುರುವಾದಾಗ ಎಸ್ತರ್ ನೆಟಲ್ ಅನ್ನು ಕಳಿಸಲಿಲ್ಲ. ಕೇಳಲು ಬಂದವರಿಗೆ, ನನ್ನ ಕೈಲಾಗದು ಎಂದು ಹೇಳಿ ಕಳಿಸಿದಳು. ಅವರು ಒತ್ತಾಯಿಸಲಿಲ್ಲ. ಆದರೆ ಎದುರು ಬೆಟ್ಟದಲ್ಲಿ ಬೇಟೆನಾಯಿಗಳ ಕೂಗು ಎದ್ದರೆ ನೆಟಲ್ ಬಾಗಿಲು ಕೆರೆಯುತ್ತಿತ್ತು. ಊಟ ಬಿಟ್ಟಿತು. ಬೈದರೂ ಕೇಳಲಿಲ್ಲ, ಮುದ್ದು ಮಾಡಿದರೂ ಕೇಳಲಿಲ್ಲ. ಒಂದು ಬೆಳಿಗ್ಗೆ ಅದರ ಉಗುರಿನಲ್ಲಿ ರಕ್ತ ಕಂಡಳು.

ಎಸ್ತರ್ ಅದನ್ನು ಎತ್ತಿಕೊಂಡು ಹೋಗಿ ಜೋನಾಸನ ಕೈಗೆ ಕೊಟ್ಟಳು.

"ನೀರು ನಿಂತಿರೋ ಬಿಲಕ್ಕೆ ಬಿಡ್ಬೇಡ. ರಾತ್ರಿ ಒಲೆ ಹತ್ರ ಮಲಗಿಸು."

"ನೀನು ಬರಲ್ವಾ?"

"ನಂಗೆ ಸಾಕಾಗಿದೆ, ಜೋನಾಸ್. ಅದಕ್ಕೆ ಸಾಕಾಗಿಲ್ಲ."

ನೆಟಲ್ ಅವನ ತೋಳಿನಿಂದ ಒಮ್ಮೆ ಇವಳ ಕಡೆ, ಒಮ್ಮೆ ಬೆಟ್ಟದ ಕಡೆ ನೋಡಿತು. ಎಸ್ತರ್ ನಿಲ್ಲದೆ ಇಳಿದು ಮನೆಗೆ ಬಂದಳು. ಮಾಡಬೇಕಾದ ಕೆಲಸ ಬೇಕಾದಷ್ಟಿತ್ತು. ಒಂದನ್ನೂ ಮುಟ್ಟದೆ, ಏಪ್ರನ್ ಕೂಡ ಬಿಚ್ಚದೆ, ಹಗಲಿನಲ್ಲೇ ಹಾಸಿಗೆಯ ಮೇಲೆ ಒರಗಿಕೊಂಡಳು. ದೂರದಲ್ಲಿ ನಾಯಿಗಳ ಕೂಗು ಬೆಟ್ಟದ ಆಚೆಗೆ ಸರಿಯುತ್ತಿತ್ತು. ಅದು ಪೂರ್ತಿ ಅಡಗುವ ಮೊದಲೇ ಅವಳಿಗೆ ನಿದ್ದೆ ಹತ್ತಿತು.