ಗಾಳ್ಯಾನಿಗಾಗಿ ಮೂರೂರು ಸುತ್ತಿದ್ದು

ಶಾವಿಗೆ ಮಾಡುವುದು ಎಷ್ಟು ಕಷ್ಟ ಅಂತ ಮಾಡಿದವರಿಗೇ ಗೊತ್ತು. ಅದನ್ನು ಹಾಳು ಮಾಡುವುದು ಎಷ್ಟು ಸುಲಭ ಅಂತ ನನಗೆ ಗೊತ್ತು.

ನಮ್ಮ ಮನೆ ಓನರ್ ಬಸಮ್ಮನವರು ಓಣಿಯ ಹೆಣ್ಣುಮಕ್ಕಳನ್ನೆಲ್ಲ ಕೂಡಿಸಿಕೊಂಡು ಬೆಳಗಿನಿಂದ ಶಾವಿಗೆ ಹೊಸೆದು, ಮಾಳಿಗೆ ಮೇಲೆ ಧೋತರ ಹಾಸಿ ಒಣಗಲು ಹಾಕಿದ್ದರು. ಕೆಳಗಿಳಿದು ಚಹಾ ಕುಡಿದು ಬರುವಷ್ಟರಲ್ಲಿ ನಮ್ಮ ನಾಯಿ ಗಾಳ್ಯಾ ಅದರ ಮೇಲೆ ಈ ತುದಿಯಿಂದ ಆ ತುದಿಗೆ ಓಡಿದ್ದ. ಬರೀ ಓಡಿದ್ದರೆ ಹೋಗಲಿ ಅನ್ನಬಹುದಿತ್ತು. ಕೊರಳಿಗೊಂದಿಷ್ಟು ಸುತ್ತಿಕೊಂಡು ಮೆಟ್ಟಿಲಿಳಿದು, ಬಸಮ್ಮನವರ ಎದುರಿಗೇ ಬಾಲ ಅಲ್ಲಾಡಿಸುತ್ತ ಕುಣಿದಿದ್ದ.

"ಮೇಡಂ," ಅಂದರು ಬಸಮ್ಮ. (ಸಿಟ್ಟು ಬಂದಾಗ ಮಾತ್ರ ನಾನು ಮೇಡಂ. ಉಳಿದಂತೆ ನಾನು ಅವರಿಗೆ 'ನಮ್ಮ ಸುಮಾ'.) "ನಾಯಿಗೆ ನಾ ಏನೂ ಅನ್ನಂಗಿಲ್ಲ, ಅದು ಮೂಕಪ್ರಾಣಿ. ಬರೋ ಅಮಾಸಿಯೊಳಗ ಅದಕ್ಕೊಂದು ಮನಿ ನೋಡ್ರಿ. ಇಲ್ಲಂದ್ರ ನಿಮಗೊಂದು ಮನಿ ನೋಡ್ಕೊಳ್ರಿ."

ಹೂಂ ಅಂದೆ. ಶಾವಿಗೆ ಕಳಕೊಂಡವರು ಅವರು.

ಗಾಳ್ಯಾ ನಮಗೆ ಸಿಕ್ಕಿದ್ದು ಚಳಿಗಾಲದಲ್ಲಿ. ತುರ್ವಿಹಾಳದಲ್ಲಿ ಒಂದು ಮದುವೆ ಮುಗಿಸಿ ಬೈಕಿನಲ್ಲಿ ವಾಪಸ್ ಬರುತ್ತಿದ್ದೆವು. ಕಾಲುವೆ ತುಂಬಿ ಹರಿಯುತ್ತಿತ್ತು. ಸಿಮೆಂಟಿನ ಇಳಿಜಾರಿಗೆ ಉಗುರು ಹಚ್ಚಿ ಹತ್ತುವುದು, ಜಾರುವುದು, ಮತ್ತೆ ಹತ್ತುವುದು, ಒಂದು ಕಂದು ಬಣ್ಣದ ಮರಿನಾಯಿ ಇದನ್ನೇ ಮಾಡುತ್ತಿತ್ತು. ಅಷ್ಟರಲ್ಲಿ ಬಂದ ಟ್ರ್ಯಾಕ್ಟರಿನವರೊಬ್ಬರು ತಾವಾಗಿಯೇ ಹಗ್ಗ ಬಿಚ್ಚಿಕೊಟ್ಟರು. ಅದನ್ನು ಸೊಂಟಕ್ಕೆ ಕಟ್ಟಿಕೊಂಡು ನನ್ನ ಗಂಡ ಇಳಿದರು, ಟ್ರ್ಯಾಕ್ಟರಿನವರು ಎಳೆದರು. ಮೇಲೆ ಬಂದ ನಾಯಿ ನಮ್ಮ ಮೂವರ ಮೇಲೂ ನೀರು ಕೊಡವಿ ಓಡಲು ಶುರುಮಾಡಿತು. ಆಮೇಲೆ ಅದು ನಿಂತದ್ದನ್ನು ನಾವು ನೋಡೇ ಇಲ್ಲ. ಅದಕ್ಕೇ ಗಾಳ್ಯಾ ಅಂತ ಹೆಸರಿಟ್ಟೆವು.

ನಾವಿಬ್ಬರೂ ಬೆಳಿಗ್ಗೆ ಕೆಲಸಕ್ಕೆ ಹೋದರೆ ಸಂಜೆಯೇ ಬರುವುದು. ಇದ್ದದ್ದು ಎರಡು ರೂಮು, ಒಂದು ಮಾಳಿಗೆ. ಓಡುವ ಪ್ರಾಣಿಯನ್ನು ಎಷ್ಟು ದಿನ ಕೂಡಿಹಾಕುತ್ತೀರಿ? "ಎಪಿಎಂಸಿ ಹತ್ರ ಬಿಟ್ಟು ಬಂದುಬಿಡ್ರಿ, ಹೊಟ್ಟಿಗೇನೂ ಕಮ್ಮಿಯಿಲ್ಲ" ಅಂತ ಬಹಳ ಜನ ಸಲಹೆ ಕೊಟ್ಟರು. ಹೊಟ್ಟೆಗೆ ಕಮ್ಮಿಯಿಲ್ಲ ನಿಜ. ಆದರೆ ಅಲ್ಲಿ ಹಗಲೂ ರಾತ್ರಿ ನೆಲ್ಲಿನ ಲಾರಿಗಳು. ಜಗತ್ತಿನ ಪ್ರತಿಯೊಂದು ಗಾಲಿಯೂ ತನ್ನ ಜೊತೆ ಆಡಲಿಕ್ಕೇ ಉರುಳುತ್ತಿದೆ ಅಂತ ಗಾಳ್ಯಾನ ನಂಬಿಕೆ. ಅಲ್ಲಿ ಬಿಟ್ಟರೆ ಅವನು ವಾರ ಬದುಕುತ್ತಿರಲಿಲ್ಲ.

ಮೊದಲು ಲಿಂಗಸುಗೂರಿನ ನನ್ನ ಚಿಕ್ಕಮ್ಮನ ಮಗಳು ಶಶಿಕಲಾಗೆ ಫೋನ್ ಮಾಡಿದೆ. ದೊಡ್ಡ ಕಾಂಪೌಂಡು, ಒಳ್ಳೆ ಮನಸ್ಸು. "ಕಳಸು ಅಕ್ಕ, ನಾವೂ ನಾಯಿ ಹುಡಕಾಕತ್ತಿದ್ವಿ" ಅಂದಳು. ಕಳಿಸಿದೆವು. ವಾರದೊಳಗೆ ಅವಳ ಗಂಡ ಕಾರಿನಲ್ಲಿ ಗಾಳ್ಯಾನನ್ನು ಕೂರಿಸಿಕೊಂಡು ಬಂದರು. ದಾಸವಾಳದ ಗಿಡ ಬುಡಸಮೇತ ಕಿತ್ತಿದ್ದನಂತೆ. ಕಟ್ಟಿಹಾಕಿದರೆ ಓಣಿಗೆಲ್ಲ ಕೇಳುವ ಹಾಗೆ ಅಳುತ್ತಿದ್ದನಂತೆ. ನಮ್ಮ ಕಡೆ ಯಾರದೇ ಡಬ್ಬಿಯನ್ನು ಖಾಲಿ ವಾಪಸ್ ಕೊಡುವ ಪದ್ಧತಿ ಇಲ್ಲ. ಹಾಗೇ ನಾಯಿಯನ್ನೂ ಬರಿಗೈಲಿ ವಾಪಸ್ ಮಾಡಲು ಶಶಿಕಲಾಗೆ ಮನಸ್ಸಾಗಲಿಲ್ಲ. ಜೊತೆಗೆ ಒಂದು ಡಬ್ಬಿ ಶೇಂಗಾ ಹೋಳಿಗೆ ಕಳಿಸಿದ್ದಳು.

ಎರಡನೆಯದು ಮಸ್ಕಿ. ನನ್ನ ಗಂಡನ ಗೆಳೆಯ ವೀರೇಶನಿಗೆ ಅಲ್ಲಿ ಕಿರಾಣಿ ಅಂಗಡಿ, ಹಿಂದೆ ಗೋಡೌನು. ಕಾವಲಿಗೆ ನಾಯಿ ಬೇಕಾಗಿತ್ತು. ಅವನೂ ಪ್ರಾಮಾಣಿಕವಾಗಿ ಹದಿನೈದು ದಿನ ಒದ್ದಾಡಿದ. ಆಮೇಲೆ ಟೆಂಪೋದಲ್ಲಿ ತಂದಿಳಿಸಿದ.

"ಏನೂ ತಪ್ಪು ತಿಳೀಬ್ಯಾಡ್ರಿ ವೈನಿ," ಅಂದ. "ಬೊಗಳೋದು ಕಲಿಸಾಕ ಬಹಳ ಪ್ರಯತ್ನಪಟ್ಟೆ. ಇದು ಬಂದವರ ಕೈ ನೆಕ್ಕತೈತಿ. ಕಳ್ಳ ಬಂದ್ರ ಒಳಗ ಕರಕೊಂಡು ಹೋಗಿ ಸಕ್ಕರಿ ಚೀಲ ತೋರಿಸತೈತಿ." ಟೆಂಪೋದಿಂದ ಒಂದು ಗಂಟು ತೊಗರಿಬೇಳೆಯನ್ನೂ ಇಳಿಸಿದ.

ಅಮಾವಾಸ್ಯೆಗೆ ಇನ್ನು ನಾಲ್ಕೇ ದಿನ ಉಳಿದಿತ್ತು. ಮೆಟ್ಟಿಲ ಮೇಲೆ ಗಾಳ್ಯಾನನ್ನು ತೊಡೆಗೆ ಎಳಕೊಂಡು ಕೂತು ಅತ್ತುಬಿಟ್ಟೆ. ಅವನು ನನ್ನ ಕಣ್ಣೀರು ನೆಕ್ಕಿ, ತಕ್ಷಣ ಎದ್ದು ಹೋಗಿ ಒಂದು ಚಪ್ಪಲಿ ತಂದ. (ಅದೂ ಬಸಮ್ಮನವರದೇ.)

ಆಗ ಎದುರು ಮನೆಯ ಕಟ್ಟೆಯಿಂದ ಕರೆ ಬಂತು. "ಬೇಟಿ, ಇಲ್ಲಿ ಬಾ."

ಹುಸೇನ್ ಚಾಚಾ. ತುರ್ವಿಹಾಳದಲ್ಲಿ ಕಾಲುವೆ ದಂಡೆಗೆ ಹೊಲ ಇರುವ ಹಿರಿಯರು. ಐದು ಹೊತ್ತು ನಮಾಜಿನವರು. ಗಾಳ್ಯಾ ಬಂದ ದಿನದಿಂದ ಅವರನ್ನು ಕಂಡಕೂಡಲೇ ನಾನು ನಾಯಿಯನ್ನು ಅವಚಿಕೊಂಡು ಒಳಗೆ ಓಡುತ್ತಿದ್ದೆ. ಬಿಳಿ ಬಟ್ಟೆ ಹಾಕಿಕೊಂಡು ಮಸೀದಿಗೆ ಹೊರಟವರಿಗೆ ಇವನ ಹಸಿ ಮೂತಿ ತಾಗಿದರೆ, ಪಾಪ, ಮತ್ತೆ ತೊಳಕೊಳ್ಳಬೇಕಲ್ಲ, ಅಂತ ನನ್ನ ಎಚ್ಚರಿಕೆ.

"ಲಿಂಗಸುಗೂರಿಗೆ ಹೋಗಿ ಬಂತು. ಮಸ್ಕಿಗೆ ಹೋಗಿ ಬಂತು. ಮುಂದ ಎಲ್ಲಿಗೆ ಕಳಸ್ತಿ?"

"ಗೊತ್ತಿಲ್ರಿ ಚಾಚಾ."

"ಅಷ್ಟು ದೂರದವರನ್ನ ಕೇಳಿದಿ. ಎದುರು ಮನಿಯವರನ್ನ ಯಾಕ ಕೇಳಲಿಲ್ಲ?"

ನಾನು ತಡವರಿಸಿದೆ. "ನಿಮ್ಮಲ್ಲಿ ನಾಯಿ ನಡಿಯಂಗಿಲ್ಲಲ್ರಿ, ಅದಕ್ಕ…"

"ಮನಿಯೊಳಗ ನಡಿಯಂಗಿಲ್ಲ, ಖರೆ. ಹೊಲ ಕಾಯಾಕ, ಆಡು ಕಾಯಾಕ ಇಟ್ಕೊಳ್ಳಾಕ ನಮಗೂ ಇಜಾಜತ್ ಐತಿ, ಅಪ್ಪಣಿ ಐತಿ. ನಮ್ಮಪ್ಪನ ಕಾಲದಿಂದ ಹೊಲದಾಗ ನಾಯಿ ಇದ್ದಾವ. ಮೊನ್ನೆ ದೀಪಾವಳಿ ಮುಂದ ಮುದುಕ ನಾಯಿ ಸತ್ತುಹೋತು. ಈಗ ಹಂದಿ ಬಂದು ನೆಲ್ಲು ತುಳಿಯಾಕತ್ತಾವ. ನಿನ್ನ ನಾಯಿ ಓಡೋದು ದಿನಾ ನೋಡಾಕತ್ತೀನಿ. ಕೇಳಬೇಕಂತಿದ್ದೆ."

"ಮತ್ತ ನೀವ್ಯಾಕ ಕೇಳಲಿಲ್ರಿ?"

ಚಾಚಾ ಗಡ್ಡ ಸವರಿಕೊಂಡು ನಕ್ಕರು. "ನಾ ಕಂಡಾಗೆಲ್ಲ ನೀ ಅದನ್ನ ಎದಿಗೆ ಅವಚಿಕೊಂಡು ಒಳಗ ಹೋಗ್ತಿದ್ದಿ. ಇಷ್ಟು ಜೀವ ಇಟ್ಟಾಳ, ಹೊಲಕ್ಕ ಕೊಡು ಅಂದ್ರ ಮನಸ್ಸಿಗೆ ಹಚ್ಕೊಂತಾಳ ಅಂತ ಸುಮ್ಮನಾದೆ."

ನೋಡಿ ನಮ್ಮ ಸಭ್ಯತೆಯನ್ನು. ನಡುವೆ ಇದ್ದದ್ದು ಒಂದು ಆಟೋ ಹೋಗುವಷ್ಟು ರಸ್ತೆ. ಅವರಿಗೆ ನೋವಾಗಬಾರದು ಅಂತ ನಾನು ಕೇಳಲಿಲ್ಲ, ನನಗೆ ನೋವಾಗಬಾರದು ಅಂತ ಅವರು ಕೇಳಲಿಲ್ಲ. ನಡುವೆ ನಾಯಿ ಮಾತ್ರ ಲಿಂಗಸುಗೂರು, ಮಸ್ಕಿ ಅಂತ ತಿರುಗಾಡುತ್ತಿತ್ತು.

ಮರುದಿನವೇ ತುರ್ವಿಹಾಳಕ್ಕೆ ಹೋದೆವು. ಹೊಲದ ಮನೆಯಲ್ಲಿ ಚಾಚಾನ ತಮ್ಮನ ಹೆಂಡತಿ ಮುಮ್ತಾಜ್ ಇರುತ್ತಾರೆ, ಹೊಲ, ಆಡು ಎಲ್ಲ ಅವರದೇ ಉಸ್ತುವಾರಿ. ಬೈಕಿನಿಂದ ಇಳಿಸಿದ್ದೇ ತಡ, ಗಾಳ್ಯಾ ಬದುವಿನ ಮೇಲೆ ಕಣ್ಣಿಗೆ ಕಾಣದಷ್ಟು ದೂರ ಓಡಿ, ಸುತ್ತು ಹಾಕಿ, ಆಡುಗಳ ನಡುವೆ ನುಗ್ಗಿದ. ಆಡುಗಳು ಚೆಲ್ಲಾಪಿಲ್ಲಿ. ಮುಗಿಯಿತು, ಇಲ್ಲಿಂದಲೂ ವಾಪಸ್ ಅಂದುಕೊಂಡೆ.

"ಯೇ ತೊ ದಿವಾನಾ ಹೈ," ಅಂದರು ಮುಮ್ತಾಜ್, ಸೊಂಟದ ಮೇಲೆ ಕೈಯಿಟ್ಟುಕೊಂಡು. ಹುಚ್ಚು ನಾಯಿ ತಂದಿದ್ದೀರಲ್ಲ ಅಂತ ಅರ್ಥ. ಆಮೇಲೆ ನನ್ನ ಮುಖ ನೋಡಿ ಕನ್ನಡಕ್ಕೆ ಬಂದರು. "ತಡೀ ಅಕ್ಕ. ಆಡೇ ಕಲಸತೈತಿ."

ಕಲಿಸಿತು. ಕರಿ ಹೋತವೊಂದು ಹಿಂದೆ ಸರಿದು ಓಡಿಬಂದು ಗಾಳ್ಯಾನ ಪಕ್ಕೆಗೆ ಗುದ್ದಿತು. ಗಾಳ್ಯಾ ಎರಡು ಪಲ್ಟಿ ಹೊಡೆದು ಎದ್ದು, ತೆಪ್ಪಗೆ ಕೂತ. ಅವನು ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಆದರೂ ನನಗೆ ಧೈರ್ಯವಿರಲಿಲ್ಲ. ಆಮೇಲಿನ ದಿನಗಳಲ್ಲಿ ಮನೆ ಮುಂದೆ ಯಾವ ಗಾಡಿ ನಿಂತರೂ ಕಿಟಕಿಗೆ ಓಡುತ್ತಿದ್ದೆ. ಅಮಾವಾಸ್ಯೆ ಬಂತು. ಗಾಳ್ಯಾ ಬರಲಿಲ್ಲ. ಬಸಮ್ಮ ಮಾಳಿಗೆಯಿಂದ ಇಳಿದು ಬಂದು, "ಸುಮಾ, ಮ್ಯಾಲೆ ಯಾಕೋ ಬಣಬಣ ಅನ್ನಾಕತ್ತೈತಿ" ಅಂದರು.

ಹೋದ ಭಾನುವಾರ ಹೊಲಕ್ಕೆ ಹೋಗಿದ್ದೆ. ನೆಲ್ಲು ಕೊಯ್ಲಿಗೆ ಬಂದಿದೆ. ಹಂದಿಗಳು ಈಗ ಈ ಹೊಲ ಬಿಟ್ಟು ಪಕ್ಕದ ಹೊಲಕ್ಕೆ ಹೋಗುತ್ತಿವೆಯಂತೆ. (ಪಕ್ಕದ ಹೊಲದವರು ಕ್ಷಮಿಸಬೇಕು.) ಗಾಳ್ಯಾ ದೂರದಿಂದಲೇ ನನ್ನ ಗುರುತು ಹಿಡಿದು ಬಂದ, ಮೈಮೇಲೆ ಹಾರಿದ, ಸೀರೆಗೆಲ್ಲ ಕೆಸರು ಬಳಿದ. ಅಷ್ಟರಲ್ಲಿ ಮುಮ್ತಾಜ್ ಅತ್ತಲಿಂದ ಒಂದು ಕೂಗು ಹಾಕಿದರು. ಅವನು ನನ್ನ ಮುಖವನ್ನೊಮ್ಮೆ ನೋಡಿ, ತಿರುಗಿ, ಆಡುಗಳ ಹಿಂದೆ ಓಡಿಹೋದ. ಸ್ವಲ್ಪ ಹೊಟ್ಟೆಕಿಚ್ಚಾಯಿತು, ಸುಳ್ಳು ಯಾಕೆ ಹೇಳಲಿ? ಆದರೆ ಅದಕ್ಕಿಂತ ಎಷ್ಟೋ ಪಾಲು ನೆಮ್ಮದಿಯಾಯಿತು.

ಎಷ್ಟು ಜನರ ಋಣ ಈ ನಾಯಿಯ ಮೇಲೆ. ಹೆಸರೂ ಹೇಳದೆ ಹೋದ ಆ ಟ್ರ್ಯಾಕ್ಟರಿನವರು. ಆಗಲಿಲ್ಲ ಅಂದರೂ ಮೊದಲು ಹೂಂ ಅಂದ ಶಶಿಕಲಾ, ವೀರೇಶ. ಶಾವಿಗೆ ಹೋದರೂ ನಾಯಿಗೆ ಒಂದು ಏಟು ಹೊಡೆಯದ ಬಸಮ್ಮ. ಎಲ್ಲರಿಗೂ ಕೈಮುಗಿಯುತ್ತೇನೆ. ಆದರೆ ಹುಸೇನ್ ಚಾಚಾಗೆ ಏನು ಹೇಳಲಿ? ಅಂದು ಅವರು ಕಟ್ಟೆಯಿಂದ ಕರೆಯದೇ ಹೋಗಿದ್ದರೆ ನಾನಂತೂ ಅವರನ್ನು ಕೇಳುತ್ತಿರಲಿಲ್ಲ. ನಾಯಿಯನ್ನು ಲಾರಿಗಳ ನಡುವೆ ಬಿಟ್ಟು ಬಂದರೂ ಬರುತ್ತಿದ್ದೆನೇನೋ, ಅವರ ಬಾಗಿಲು ಮಾತ್ರ ತಟ್ಟುತ್ತಿರಲಿಲ್ಲ. ಅದನ್ನು ಅವರ ಮೇಲಿನ ಗೌರವ ಅಂತಲೇ ತಿಳಿದುಕೊಂಡಿರುತ್ತಿದ್ದೆ.

ಅಂದಹಾಗೆ, ನಿಮ್ಮ ಓಣಿಯಲ್ಲಿ ನೀವು ಹೀಗೆ ಗೌರವ ಕೊಟ್ಟು ದೂರ ಇಟ್ಟಿರುವ ಮನೆ ಯಾವುದು?