ಅಜ್ಜಿಯ ಪದ ಹಿಡಿದುಕೊಟ್ಟ ಸ್ಪೀಕರ್

ಹಳ್ಳಿಯ ಹೆಂಗಸರ ಹಾಡುಗಳ ರೆಕಾರ್ಡಿಂಗ್ ಕೇಳಿ ಬರೆದುಕೊಡುವುದು ನನ್ನ ಕೆಲಸ. ತಿಪಟೂರಿನ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಆಫೀಸು. ಒಂದು ರೆಕಾರ್ಡಿಂಗಿನಲ್ಲಿ ಹುಳಿಯಾರು ಕಡೆಯ ಅಜ್ಜಿಯೊಬ್ಬರು ಹಾಡುವಾಗ ಪಕ್ಕದಲ್ಲೇ ಯಾರೋ ತೆಂಗಿನಕಾಯಿ ಸುಲಿಯುತ್ತಿದ್ದರು. ಆ ಸದ್ದಿನಲ್ಲಿ ಒಂದು ಪದ ಎಷ್ಟು ಕೇಳಿದರೂ ತಿಳಿಯದೆ ವಾರಗಳೇ ಕಳೆದವು. ಕೊನೆಗೆ ಆ ಹಾಡನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡು, ಕಂಪ್ಯೂಟರಿಗೆ ಒಳ್ಳೆಯ ಸ್ಪೀಕರ್ ಕೊಳ್ಳಲು ಅಂಗಡಿಗೆ ಹೋದೆ.

ಅಂಗಡಿಯವರು ಮೊಣಕಾಲೆತ್ತರದ ಜೋಡಿ ತೋರಿಸಿದರು. “ಇದನ್ನ ತಗೊಳ್ಳಿ ಕಣ್ರೀ, ಗೋಡೆ ಅದುರ್ತದೆ.”

“ಗೋಡೆ ಅದುರೋದು ಬ್ಯಾಡ, ನಂಗೆ ಈ ಹಾಡಲ್ಲಿ ಅಜ್ಜಿ ಹೇಳೋ ಒಂದು ಪದ ಕೇಳ್ಬೇಕು” ಎಂದೆ.

ಪೆನ್‌ಡ್ರೈವ್ ಹಾಕಿಸಿದರೆ, ಅದರಲ್ಲಿ ಕಾಯಿ ಸುಲಿಯುವ ಸದ್ದೇ ಗುಡುಗಿತು. ಇನ್ನೆರಡು ಜೋಡಿ ಹಾಕಿಸಿದೆ, ಪ್ರಯೋಜನವಾಗಲಿಲ್ಲ. ಮೇಲಿನ ಹಲಗೆಯಲ್ಲಿ ಧೂಳು ಹಿಡಿದಿದ್ದ ಅಂಗೈಯಗಲದ ಜೋಡಿ ಕಣ್ಣಿಗೆ ಬಿತ್ತು.

“ಅದನ್ನ ಯಾರೂ ಕೇಳಲ್ಲ, ಬುಡಿ” ಎಂದರು. ನಾನು ಬಿಡಲಿಲ್ಲ, ಅದನ್ನೂ ಇಳಿಸಿ ಹಾಕಲು ಹೇಳಿದೆ.

ಆ ಪದವಿದ್ದ ಸಾಲು ಬರುವಾಗ ಸ್ಪೀಕರಿನ ಹತ್ತಿರ ಬಗ್ಗಿ ಕಿವಿಗೊಟ್ಟೆ. “ಹೊಂಬಾಳೆ!” ಎಂದು ನಾನೂ ಅಂಗಡಿಯವರೂ ಒಟ್ಟಿಗೇ ಕೂಗಿದೆವು. ನಮ್ಮ ತೋಟದಲ್ಲಿ ದಿನವೂ ನೋಡುವ ತೆಂಗಿನ ಹೂಗೊಂಚಲು!

“ತಡೀರಿ, ಇನ್ನೊಂದ್ಸಲ ಹಾಕ್ತೀನಿ” ಎಂದು ಅವರೇ ಬಟನ್ ಒತ್ತಿದರು. ಯುದ್ಧ ಗೆದ್ದವಳಂತೆ ಸ್ಟೂಲಿನ ಮೇಲೆ ಕುಳಿತು ಇಡೀ ಹಾಡು ಕೇಳಿದೆ.