ಪ್ರಶ್ನೆ ಉದ್ಭವಿಸುವುದಿಲ್ಲ

ವಿಧಾನಸಭೆಯಲ್ಲಿ ಮಂತ್ರಿಗಳು ಓದುವ ಉತ್ತರಗಳನ್ನು ಮಂತ್ರಿಗಳೇ ಬರೆಯುತ್ತಾರೆ ಎಂದು ಬಹಳ ಜನ ತಿಳಿದಿದ್ದಾರೆ. ಪಾಪ, ಅವರಿಗೆ ಅಷ್ಟು ಪುರುಸೊತ್ತು ಎಲ್ಲಿಂದ ಬರಬೇಕು? ಬರೆಯುವವಳು ನಾನು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ, ಇವುಗಳಲ್ಲಿ ಒಂದು ಊರಿನ ಆರೋಗ್ಯ ಇಲಾಖೆಯ ಕಚೇರಿಯಲ್ಲಿ ನಾನು ಗುಮಾಸ್ತೆ. ಯಾವ ಊರೆಂದು ಹೇಳುವುದಿಲ್ಲ. ನನ್ನ ನಿವೃತ್ತಿಗೆ ಇನ್ನೂ ನಾಲ್ಕು ವರ್ಷ ಇದೆ.

ಕೆಲಸ ನಡೆಯುವುದು ಹೀಗೆ. ಅಧಿವೇಶನಕ್ಕೆಂದು ಶಾಸಕರೊಬ್ಬರು ಪ್ರಶ್ನೆ ಕಳಿಸುತ್ತಾರೆ. ಅದು ಮೇಲಿನ ಕಚೇರಿಗಳಿಂದ ಮೆಟ್ಟಿಲು ಮೆಟ್ಟಿಲಾಗಿ ಇಳಿದು ಕೊನೆಗೆ ನಮ್ಮ ವಾಟ್ಸಾಪ್ ಗ್ರೂಪಿಗೆ ಬೀಳುತ್ತದೆ: ‘ಅತಿ ತುರ್ತು, ಸಂಜೆ ನಾಲ್ಕರೊಳಗೆ.’ ಪ್ರಶ್ನೆಗೆ ಅ, ಆ, ಇ ಎಂದು ಭಾಗಗಳು. ‘ಅ’ ಹೆಚ್ಚುಕಡಿಮೆ ಯಾವಾಗಲೂ ಒಂದೇ: ಇಂಥದೊಂದು ತೊಂದರೆ ಸರ್ಕಾರದ ಗಮನಕ್ಕೆ ಬಂದಿದೆಯೇ? ‘ಬಂದಿದೆ’ ಎಂದು ಬರೆದಿರೋ, ಸತ್ತಿರಿ. ಎಷ್ಟು ಜನಕ್ಕೆ, ಏನು ಕ್ರಮ, ಯಾವಾಗ, ಎಲ್ಲ ಹುಡುಕಬೇಕು. ‘ಬಂದಿರುವುದಿಲ್ಲ’ ಎಂದು ಬರೆದರೆ ಉಳಿದ ಎಲ್ಲದರ ಎದುರಿಗೂ ‘ಪ್ರಶ್ನೆ ಉದ್ಭವಿಸುವುದಿಲ್ಲ’ ಎಂದು ಹಾಕಿ ಚಹಾಕ್ಕೆ ಹೋಗಬಹುದು. ಈ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರು ಸುತ್ತಮುತ್ತ ಇರಲಿಲ್ಲ. ಹೊಸಬರು ಬಂದರೆ ನಮ್ಮ ಸಾಹೇಬರು ನನ್ನ ಹಳೆಯ ಉತ್ತರಗಳನ್ನೇ ಮಾದರಿಯಾಗಿ ತೋರಿಸುತ್ತಿದ್ದರು.

ಮನೆಯಲ್ಲಿ ನನ್ನ ಅಕ್ಕ ಇದ್ದಾಳೆ. ಅಪ್ಪ ತೀರಿಕೊಂಡಾಗ ಅವಳು ಶಾಲೆ ಬಿಟ್ಟು ಪಾವರ್‌ಲೂಮಿನ ಮುಂದೆ ನಿಂತಳು, ನಾನು ಶಾಲೆಗೆ ಹೋದೆ. ಆ ಖಟಾಖಟಿನಲ್ಲಿ ಮೂವತ್ತೈದು ವರ್ಷ ಸೀರೆ ನೇಯ್ದು ಅವಳ ಎರಡೂ ಕಿವಿ ಹೋಗಿವೆ. ನಮ್ಮ ಓಣಿಯಲ್ಲಿ ಇದು ದೊಡ್ಡ ಸುದ್ದಿಯೇನಲ್ಲ. ಎಲ್ಲರೂ ಕೂಗಿಯೇ ಮಾತಾಡುತ್ತೇವೆ. ಹೊಸದಾಗಿ ಬಂದ ಬೀಗರು ಜಗಳ ಹತ್ತಿದೆ ಎಂದು ಬಿಡಿಸಲು ಎದ್ದದ್ದೂ ಉಂಟು. ಆದರೆ ಹೋದ ಹಂಗಾಮಿನಲ್ಲಿ ಅಕ್ಕ ಚಿಮ್ಮಡದ ರಸ್ತೆ ದಾಟುವಾಗ ಕಬ್ಬಿನ ಟ್ರ್ಯಾಕ್ಟರ್ ಮೈಮೇಲೆ ಬಂತು. ಅದರಲ್ಲಿ ಹಚ್ಚಿದ್ದ ಹಾಡು ಅನಗವಾಡಿಯ ಹೊಳೆದಂಡೆಗೂ ಕೇಳಿಸುವಂತಿತ್ತು. ಅಕ್ಕನಿಗೆ ಕೇಳಿಸಲಿಲ್ಲ. ಡ್ರೈವರ್ ಬ್ರೇಕ್ ತುಳಿದ, ಸೆರಗಷ್ಟೇ ಹರಿಯಿತು.

ಅವಳ ಕಿವಿಗೊಂದು ಮಷಿನ್ ಬೇಕು. ಸರ್ಕಾರ ಪುಕ್ಕಟೆ ಕೊಡುತ್ತದೆ, ಕಿವುಡಿ ಎಂಬ ಸರ್ಟಿಫಿಕೇಟ್ ಇದ್ದರೆ. ಸರ್ಟಿಫಿಕೇಟ್ ಬೇಕೆಂದರೆ ಕಿವಿಯ ಪರೀಕ್ಷೆ ಆಗಬೇಕು. ಪರೀಕ್ಷೆ ಮಾಡುವವರ ಹುದ್ದೆ ಖಾಲಿ. ನಾಲ್ಕು ಸಲ ಆಸ್ಪತ್ರೆಗೆ ಎಡತಾಕಿದೆವು. ನಾಲ್ಕನೆಯ ಸಲ ಅಲ್ಲಿದ್ದವರೊಬ್ಬರು ಅಕ್ಕನನ್ನೇ, “ಖರೇನ ಕೇಳ್ಸೂದಿಲ್ಲೇನ್ರಿ ನಿಮಗ?” ಎಂದು ಮೆಲ್ಲಗೆ ಕೇಳಿದರು. ಅಕ್ಕ ಮರ್ಯಾದೆಗೆ ನಕ್ಕಳು.

ಮನೆಗೆ ಬಂದು ನಾನು ಆ ಮಾತನ್ನು ಕೂಗಿ ಹೇಳಿದ ಮೇಲೆ ಅವಳಿಗೆ ಸಿಟ್ಟು ನೆತ್ತಿಗೇರಿತು. ಮುಂದಿನ ವಾರವೇ ಎಮ್ಮೆಲ್ಲೆ ನಮ್ಮ ಓಣಿಗೆ ರಸ್ತೆಯ ಭೂಮಿಪೂಜೆಗೆ ಬಂದಿದ್ದರು. ಅಕ್ಕ ಹತ್ತು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಹೋಗಿ ಅರ್ಜಿ ಕೊಟ್ಟಳು. ನಾನು ನಕ್ಕೆ.

“ಇಂಥ ಅರ್ಜಿ ಎಲ್ಲಿ ಹೊಕ್ಕಾವ ಅನ್ನೂದು ನನಗ ಗೊತ್ತೈತಿ, ಅಕ್ಕಾ.”

“ನೀ ಸುಮ್ಮನಿರಬೇ. ಬೆಳಗಾವ್ಯಾಗ ಮಂತ್ರೀನ ಕೇಳ್ತೇನಿ ಅಂದಾರ.”

“ಅವರಂದದ್ದು ನಿನಗ ಹೆಂಗ ಕೇಳ್ತು?”

“ಭಾಷಣಾ ಮಾಡೂ ಮಂದಿ, ಛಲೋ ಒದರತಾರ,” ಎಂದಳು ಅಕ್ಕ.

ಅವರು ಖರೇನೇ ಪ್ರಶ್ನೆ ಕಳಿಸಿಬಿಟ್ಟರು. ಇಂಥ ಅನಾಹುತವಾದೀತು ಎಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಬೆಳಗಾವಿ ಅಧಿವೇಶನದ ಒಂದು ಮಧ್ಯಾಹ್ನ ಫೋನ್ ಗುಂಯ್‌ಗುಟ್ಟಿತು. ಅ) ವಿದ್ಯುತ್ ಮಗ್ಗಗಳ ಶಬ್ದದಿಂದ ನೇಕಾರರು ಕಿವುಡರಾಗುತ್ತಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? ಆ) ಅಂಥವರು ಎಷ್ಟು ಮಂದಿ? ಇ) ಅವರಿಗೆ ಶ್ರವಣ ಸಾಧನವನ್ನು ಯಾವಾಗ ನೀಡಲಾಗುವುದು? ಅಕ್ಕನ ಅರ್ಜಿಯೇ ಶುದ್ಧ ಕನ್ನಡದ ಅಂಗಿ ತೊಟ್ಟು ನನ್ನ ಮೇಜಿಗೆ ಬಂದು ಕೂತಿತ್ತು.

‘ಬಂದಿದೆ’ ಎಂದು ಟೈಪ್ ಮಾಡಿದೆ. ಇಷ್ಟು ವರ್ಷಗಳಲ್ಲಿ ಮೊದಲ ಸಲ. ಸಾಹೇಬರು ಹಿಂದೆ ಬಂದು ನಿಂತು ಇಣುಕಿದರು.

“ಇದೇನ್ರಿ ಮೇಡಂ, ಬಂದಿದೆ? ಎಷ್ಟ ಮಂದಿಗೆ ಸರ್ಟಿಫಿಕೇಟ್ ಕೊಟ್ಟೀವಿ?”

“ಒಬ್ಬರಿಗೂ ಇಲ್ರಿ ಸರ್. ಪರೀಕ್ಷಾ ಮಾಡವರ ಇಲ್ಲಲ್ರಿ.”

“ಅಂದ್ರ ಕಿವುಡ್ರ ಇಲ್ಲ. ಆತಲ್ಲ ಮತ್ತ.”

“ಸರ್, ನಮ್ಮಕ್ಕ ಅದಾಳ್ರಿ.”

ಸಾಹೇಬರು ಕೆಟ್ಟವರಲ್ಲ. ಅಕ್ಕನ ಕೈಯ ಎಣ್ಣೆಗಾಯಿ ಎಂದರೆ ಡಬ್ಬಿ ನೆಕ್ಕುವ ಮನುಷ್ಯ. “ಅದಾರ್ರಿ, ನನಗೂ ಗೊತ್ತೈತಿ,” ಎಂದರು. “ರಜಿಸ್ಟರ್‌ನ್ಯಾಗ ಅದಾರೇನು?”

ಗಂಟೆ ಮೂರೂಮುಕ್ಕಾಲು. ಎದ್ದು ನಿಂತು ಜಗಳಾಡಬಹುದಿತ್ತು. ಓಣಿಯಲ್ಲಿ ಬೆಳೆದವಳು, ಗಂಟಲಿಗೇನೂ ಬರವಿರಲಿಲ್ಲ. ಆಡಲಿಲ್ಲ. ಟೈಪ್ ಮಾಡಿದೆ: ‘ದಾಖಲೆಗಳನ್ವಯ, ಅಂತಹ ಯಾವುದೇ ಪ್ರಕರಣವು ಸರ್ಕಾರದ ಗಮನಕ್ಕೆ ಬಂದಿರುವುದಿಲ್ಲ.’ ಕೆಳಗೆ ಎರಡು ಸಲ ‘ಪ್ರಶ್ನೆ ಉದ್ಭವಿಸುವುದಿಲ್ಲ’. ಹೇಳಲು ನಾಚಿಕೆಯಾಗುತ್ತದೆ, ‘ದಾಖಲೆಗಳನ್ವಯ’ ಎಂಬ ಮಾತು ಹೊಳೆದಾಗ ಒಂದು ಕ್ಷಣ ಖುಷಿಯೂ ಆಯಿತು. ಮೇಲಿನವರು ಯಾರಾದರೂ ತಿದ್ದಿಯಾರು ಎಂದುಕೊಂಡು ನಾಲ್ಕಕ್ಕೆ ಐದು ನಿಮಿಷ ಇರುವಾಗ ಕಳಿಸಿದೆ. ಚಹಾಕ್ಕೆ ಹೋಗಲಿಲ್ಲ.

ಉತ್ತರ ಓದುವ ದಿನ ಅಕ್ಕ ನನಗೆ ರಜೆ ಹಾಕಿಸಿದಳು. “ಮಂತ್ರಿ ಏನಂತಾರ ಅನ್ನೂದು ನನಗ ನೀನ ಒದರಿ ಹೇಳಬೇಕು,” ಎಂದಳು. ಓಣಿಯ ಮಗ್ಗಗಳನ್ನೂ ಅಷ್ಟು ಹೊತ್ತು ನಿಲ್ಲಿಸಿದ್ದಳು. ಅರ್ಜಿಗೆ ಸಹಿ ಹಾಕಿದ ಹತ್ತೂ ಹೆಣ್ಣುಮಕ್ಕಳು ನಮ್ಮ ಪಡಸಾಲೆಯಲ್ಲಿ ಕೂತರು. ಅಧಿವೇಶನದ ನೇರಪ್ರಸಾರ ಹಚ್ಚಿ ಫೋನನ್ನು ಅವಲಕ್ಕಿ ಡಬ್ಬಿಗೆ ಒರಗಿಸಿ ನಿಲ್ಲಿಸಿದೆವು.

ಮಂತ್ರಿಗಳು ಎದ್ದರು. ಓದಿದರು. ಯಾರೂ ಒಂದಕ್ಷರ ತಿದ್ದಿರಲಿಲ್ಲ. ‘ದಾಖಲೆಗಳನ್ವಯ’ದ ಮುಂದೆ ನಾನಿಟ್ಟಿದ್ದ ಅಲ್ಪವಿರಾಮದಲ್ಲಿ ಸರಿಯಾಗಿ ನಿಂತು ಉಸಿರು ಎಳೆದುಕೊಂಡರು. ನಮ್ಮ ಎಮ್ಮೆಲ್ಲೆ ಎದ್ದು ಏನೋ ಹೇಳಲು ಬಾಯಿ ತೆಗೆದರು, ಅಷ್ಟರಲ್ಲಿ ಸಭಾಧ್ಯಕ್ಷರು ಮುಂದಿನ ಪ್ರಶ್ನೆ ಕರೆದರು. ಹೆಣ್ಣುಮಕ್ಕಳು ಒಬ್ಬರ ಮುಖ ಒಬ್ಬರು ನೋಡಿದರು.

ಮಂತ್ರಿಗಳ ತುಟಿಯನ್ನೇ ನೋಡುತ್ತಿದ್ದ ಅಕ್ಕ ನನ್ನ ತೋಳು ಅಲುಗಿಸಿದಳು. “ಏನಂದ್ರಬೇ?”

“ಕಿವುಡ್ರ ಯಾರೂ ಇಲ್ಲಂತ!” ಎಂದು ಕೂಗಿದೆ.

ಅಕ್ಕ ಸಿಟ್ಟಿಗೇಳುತ್ತಾಳೆ ಎಂದುಕೊಂಡಿದ್ದೆ. ಏಳಲಿಲ್ಲ.

“ಅವರಿಗೇನ ಗೊತ್ತಿರ್ತೈತಿ, ಪಾಪ. ಇಲ್ಲಿಂದ ಯಾರೋ ಹಂಗ ಬರದ ಕೊಟ್ಟಾರ,” ಎಂದಳು. “ಯಾರಬೇ ಅವರು? ನೀ ಅದ ಇಲಾಖೆದಾಕಿ, ನಿನಗ ಗೊತ್ತಿರಬೇಕಲ್ಲ?”

“ನಾನ, ಅಕ್ಕಾ,” ಎಂದೆ. ಕೂಗಲು ಆಗಲಿಲ್ಲ.

ಮಗ್ಗಗಳು ನಿಂತಿದ್ದವು. ಪಡಸಾಲೆಯಲ್ಲಿದ್ದವರಿಗೆಲ್ಲ ಕೇಳಿಸಿತು, ಹೊಸ್ತಿಲಲ್ಲಿ ಕೂತಿದ್ದ ಅರೆಗಿವಿಯ ಮುದುಕಿಗೂ ಕೇಳಿಸಿತು. ಎಲ್ಲರೂ ನನ್ನ ಕಡೆ ತಿರುಗಿದರು. ಅಕ್ಕನಿಗೆ ಹೇಳಲು ಯಾರೂ ಬಾಯಿ ತೆರೆಯಲಿಲ್ಲ. ಅವಳು ಕಿವಿಯ ಹಿಂದೆ ಅಂಗೈ ಹಿಡಿದು ನನ್ನ ಬಾಯಿಯ ಹತ್ತಿರ ಬಾಗಿದಳು.

“ಜೋರ್ ಹೇಳಬೇ. ಕೇಳ್ಸವಲ್ದು.”